ಅತಿವೇಗದ ಬೋರ್ಡಿಗೆ ವಿದ್ಯುತ್ತು ಉಣಿಸುವ ಬಗೆ

(ಸಂಘದ ರಾಜ್ಯೋತ್ಸವ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ಕವಿಗಳ ವಿಚಾರವನ್ನೋ ಏಕೀಕರಣದ ವಿಚಾರವನ್ನೋ ಮಾತನಾಡುವುದು ವಾಡಿಕೆ. ನಾವಾದರೋ ಬ್ಯಾಂಕಿನ ಗುಮಾಸ್ತರು. ಓದಿದ್ದು ಬಿ.ಕಾಂ., ಅಂಟಿಸಿಕೊಂಡ ಹವ್ಯಾಸ ಬೆಸುಗೆ ಕಡ್ಡಿಯದು. ಭಾನುವಾರದ ಮಧ್ಯಾಹ್ನ ಸಂಘದ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ನಾವು ನಾಲ್ಕಾರು ಮಂದಿ ಸೇರಿ ಹೊಗೆ ಎಬ್ಬಿಸುವುದನ್ನು ತಾವೆಲ್ಲ ಬಲ್ಲಿರಿ. ಅಲ್ಲಿ ನಡೆಯುವುದೇನೆಂಬುದನ್ನು ಕನ್ನಡದಲ್ಲಿ ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಈ ಅಪ್ಪಣೆಗೆ ಒಂದು ಕಾರಣವೂ ಉಂಟು. ನಮ್ಮಲ್ಲಿ ಹಲವು ಮನೆಗಳಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಎಂಜಿನಿಯರಿಂಗ್ ಓದುತ್ತಿದ್ದಾರೆ. ಊಟದ ಹೊತ್ತಿನಲ್ಲಿ ಮಗ "ಬೋರ್ಡು ಹ್ಯಾಂಗ್ ಆಗುತ್ತಿದೆ" ಎಂದರೆ ತಂದೆ ತಾಯಿ ಮುಖ ಮುಖ ನೋಡಿಕೊಳ್ಳುವರು. ಮಗನಿಗೂ ಅದನ್ನು ಮನೆಯ ಮಾತಿನಲ್ಲಿ ಹೇಳಲು ಬಾರದು. ಈ ಸಂಜೆ ಆ ಮಾತನ್ನು ಮನೆಯ ಮಾತಿನಲ್ಲಿಯೇ ಹೇಳಲು ಸಾಧ್ಯವೇ ಎಂದು ಪ್ರಯತ್ನಿಸುತ್ತೇವೆ.

ನಮ್ಮ ಮೇಜಿನ ಮೇಲಿರುವುದು ಒಂದು ರೇಡಿಯೋ. ಹಳೆಯ ಕಾಲದ ತಿರುಗಣೆಯ ರೇಡಿಯೋ ಅಲ್ಲ. ಮಧ್ಯಮ ತರಂಗ ಮತ್ತು ಕಿರುತರಂಗದ ಅಲೆಗಳನ್ನು ನೇರವಾಗಿ ಅಂಕೆಗಳನ್ನಾಗಿ ಪರಿವರ್ತಿಸಿ, ಆ ಅಂಕೆಗಳಿಂದಲೇ ಧ್ವನಿಯನ್ನು ಹೊರತೆಗೆಯುವ ಯಂತ್ರ. ಇದರಲ್ಲಿ ಎರಡು ಮುಖ್ಯ ಚಿಪ್ಪುಗಳಿವೆ. ಒಂದು ಅಲೆಯನ್ನು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಅಳೆದು ಅಂಕೆಯಾಗಿ ಬರೆದುಕೊಡುವ ಎ.ಡಿ.ಸಿ. ಇನ್ನೊಂದು ಎಫ್.ಪಿ.ಜಿ.ಎ., ಎಂದರೆ ಒಳಗಿನ ಜೋಡಣೆಯನ್ನು ನಾವೇ ಬರೆದು ತುಂಬಬಹುದಾದ ಚಿಪ್ಪು. ಗಡಿಯಾರದ ಮಿಡಿತ ಸೆಕೆಂಡಿಗೆ 10 ಕೋಟಿ ಎಂದು ಇಟ್ಟುಕೊಂಡರೆ ಒಂದು ಮಿಡಿತಕ್ಕೂ ಮುಂದಿನದಕ್ಕೂ ನಡುವೆ ಇರುವ ಅವಧಿ 10 ನ್ಯಾನೋಸೆಕೆಂಡು. ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೋಸೆಕೆಂಡೆಂದು ಹೆಸರು. ಅಷ್ಟರಲ್ಲಿ ಬೆಳಕು ಸಹ 30 ಸೆಂಟಿಮೀಟರಿಗಿಂತ ಹೆಚ್ಚು ದೂರ ಹೋಗಲಾರದು. ಸರ್ಕ್ಯೂಟ್ ಬೋರ್ಡಿನ ತಾಮ್ರದ ದಾರಿಯಲ್ಲಿ ಸಂಕೇತವು ಸುಮಾರು 15 ಸೆಂಟಿಮೀಟರು ಹೋಗುವುದು. ಬೋರ್ಡು ವೇಗದ್ದೋ ಅಲ್ಲವೋ ಎಂಬುದನ್ನು ಮಿಡಿತಗಳ ಸಂಖ್ಯೆಗಿಂತ ಹೆಚ್ಚಾಗಿ, ಸಂಕೇತವು ಸೊನ್ನೆಯಿಂದ ಒಂದಕ್ಕೆ ಎಷ್ಟು ಕಡಿದಾಗಿ ಏರುತ್ತದೆ ಎಂಬುದು ನಿರ್ಧರಿಸುತ್ತದೆ. ಈಗಿನ ಚಿಪ್ಪುಗಳಲ್ಲಿ ಆ ಏರಿಕೆ ಒಂದೇ ನ್ಯಾನೋಸೆಕೆಂಡಿನಲ್ಲಿ, ಕೆಲವೊಮ್ಮೆ ಅದಕ್ಕೂ ಕಡಿಮೆಯಲ್ಲಿ ಮುಗಿಯುತ್ತದೆ.

ಹೀಗೆ ಏರುವಾಗಲೆಲ್ಲ ಚಿಪ್ಪು ಒಂದು ಗುಟುಕು ವಿದ್ಯುತ್ತನ್ನು ಗಟಕ್ಕನೆ ನುಂಗುತ್ತದೆ. ಸಾವಿರಾರು ದ್ವಾರಗಳು ಒಂದೇ ಮಿಡಿತಕ್ಕೆ ತೆರೆದರೆ ಸಾವಿರಾರು ಗುಟುಕು ಒಂದೇ ಕ್ಷಣಕ್ಕೆ ಬೇಕು. ಆ ಹೊತ್ತಿಗೆ ಉಣಿಸುವ ಕೈ ತಡವಾಯಿತೋ, ಒಳಗಿನ ವೋಲ್ಟೇಜು ಕುಸಿದು, ಒಂದು ಎನ್ನಬೇಕಾದ ಕಡೆ ಚಿಪ್ಪು ಸೊನ್ನೆ ಎಂದುಬಿಡುತ್ತದೆ. ನಮ್ಮ ಎಫ್.ಪಿ.ಜಿ.ಎ. ಜಾತಿಯ ಚಿಪ್ಪಿನ ಒಡಲಿಗೆ 1.2 ವೋಲ್ಟು ಬೇಕು; ತಯಾರಕರು ಒಪ್ಪುವ ಮೇರೆ 1.14ರಿಂದ 1.26ರವರೆಗೆ. ಎಂದರೆ ಮೇಲಕ್ಕಾಗಲಿ ಕೆಳಕ್ಕಾಗಲಿ ಬರಿಯ 60 ಮಿಲಿವೋಲ್ಟಿನ ಅವಕಾಶ.

ಈಗ ರೆಗ್ಯುಲೇಟರಿನ ವಿಚಾರಕ್ಕೆ ಬರೋಣ. ನಮ್ಮ ಹಳ್ಳಿಗಳಲ್ಲಿ ಕೆರೆಗೆ ನೀರುಗಂಟಿ ಎಂಬಾತನಿದ್ದ. ಕೆರೆಯಲ್ಲಿ ನೀರು ಹೆಚ್ಚಿರಲಿ ಕಡಿಮೆಯಿರಲಿ, ಕಾಲುವೆಯಲ್ಲಿ ಗೊತ್ತಾದ ಮಟ್ಟದಲ್ಲಿ ಹರಿಯುವಂತೆ ತೂಬನ್ನು ಎತ್ತಿ ಇಳಿಸುವುದು ಅವನ ಕೆಲಸ. ಲೀನಿಯರ್ ರೆಗ್ಯುಲೇಟರು ಇದನ್ನೇ ಮಾಡುತ್ತದೆ. ಅದರೊಳಗೆ ಒಂದು ಟ್ರಾನ್ಸಿಸ್ಟರು, ಅದೇ ತೂಬು. ಅಲುಗಾಡದ ಒಂದು ಅಳತೆಯ ವೋಲ್ಟೇಜು. ಅದೇ ಮಟ್ಟದ ಕಲ್ಲು. ಹೊರಗೆ ಹೋಗುವ ವೋಲ್ಟೇಜಿನ ಒಂದು ಪಾಲನ್ನು ಆ ಕಲ್ಲಿಗೆ ಹೋಲಿಸಿ, ಹೆಚ್ಚಾದರೆ ತೂಬನ್ನು ಬಿಗಿಮಾಡುವ, ಕಡಿಮೆಯಾದರೆ ಸಡಿಲಿಸುವ ಆಂಪ್ಲಿಫೈಯರು; ಅದೇ ನೀರುಗಂಟಿಯ ಕಣ್ಣು ಮತ್ತು ಕೈ. ಇಷ್ಟೇ. ಒಳಗೆ ಬಡಿತವಿಲ್ಲ, ಸುರುಳಿಯಿಲ್ಲ, ಸದ್ದಿಲ್ಲ.

ಇದನ್ನೆಲ್ಲ ಮೂರು ಕಾಲಿನ ಒಂದೇ ಚಿಪ್ಪಿನಲ್ಲಿ ಅಡಕಮಾಡಿದ ಕೀರ್ತಿ ಅಮೆರಿಕದ ನ್ಯಾಷನಲ್ ಸೆಮಿಕಂಡಕ್ಟರ್ ಸಂಸ್ಥೆಯಲ್ಲಿದ್ದ ಬಾಬ್ ವಿಡ್ಲರ್ ಎಂಬವರದು. 1969ರಲ್ಲಿ ಅವರ ಎಲ್.ಎಂ. 109 ಎಂಬ 5 ವೋಲ್ಟಿನ ರೆಗ್ಯುಲೇಟರು ಹೊರಬಂದಿತು. ಈ ಮಹಾಶಯರ ಚರ್ಯೆ ವಿಚಿತ್ರ. 1970ರಲ್ಲಿ ಸಂಸ್ಥೆಯವರು ಖರ್ಚು ಉಳಿಸಲು ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿದರೆಂದು ಈತ ಒಂದು ಕುರಿಯನ್ನು ತಂದು ಕಚೇರಿಯ ಹುಲ್ಲಿನ ಮೇಲೆ ಬಿಟ್ಟರಂತೆ. ನಮ್ಮ ಶಾಖೆಯಲ್ಲಿ ಹೀಗೆ ಮಾಡಿದರೆ ಮಾರನೆಯ ದಿನವೇ ವರ್ಗವಾಗುವುದರಲ್ಲಿ ಸಂದೇಹವಿಲ್ಲ. ಆಮೇಲೆ ಅದೇ ಸಂಸ್ಥೆಯ ಬಾಬ್ ಡಾಬ್ಕಿನ್ ಅವರು 1976ರಲ್ಲಿ ಎಲ್.ಎಂ. 317 ಎಂಬುದನ್ನು ರಚಿಸಿದರು. ಅದಕ್ಕೆ ಎರಡು ರೆಸಿಸ್ಟರುಗಳನ್ನು ಆಯ್ದು ಬೇಕಾದ ವೋಲ್ಟೇಜನ್ನು ಪಡೆಯಬಹುದು. ಲೆಕ್ಕ ಸುಲಭ: 1.25 ವೋಲ್ಟನ್ನು, ಒಂದು ಕೂಡಿಸು ಎರಡನೆಯ ರೆಸಿಸ್ಟರು ಭಾಗಿಸು ಮೊದಲನೆಯದು ಎಂಬುದರಿಂದ ಗುಣಿಸಬೇಕು. 240 ಓಮ್ ಮತ್ತು 390 ಓಮ್ ಇಟ್ಟರೆ ಹತ್ತಿರಹತ್ತಿರ 3.3 ವೋಲ್ಟು. ಹವ್ಯಾಸಿಗಳ ಪಾಲಿಗೆ ಇದು ಇಂದಿಗೂ ಮನೆದೇವರು.

ಆದರೆ ಮನೆದೇವರು ಎಲ್ಲ ಕಡೆಗೂ ಒದಗುವುದಿಲ್ಲ. ತೂಬಿನಲ್ಲಿ ನೀರು ಹರಿಯಬೇಕಾದರೆ ಕೆರೆಯ ಮಟ್ಟವು ಕಾಲುವೆಯ ಮಟ್ಟಕ್ಕಿಂತ ಮೇಲಿರಬೇಕಷ್ಟೆ. ಎಷ್ಟು ಮೇಲಿರಬೇಕು ಎಂಬುದಕ್ಕೆ ಡ್ರಾಪೌಟ್ ಎಂದು ಹೆಸರು. 317 ಮತ್ತು 7805 ಎಂಬ ಹಳೆಯ ರೆಗ್ಯುಲೇಟರುಗಳಿಗೆ ಸುಮಾರು 2 ವೋಲ್ಟಿನ ಅಂತರ ಬೇಕು. ನಮ್ಮ ಬೋರ್ಡಿಗೆ ಬರುವುದು ಫೋನಿನ ಚಾರ್ಜರಿನ 5 ವೋಲ್ಟು, ನಮಗೆ ಬೇಕಾದುದು 3.3, ನಡುವೆ ಇರುವುದು 1.7 ವೋಲ್ಟು ಮಾತ್ರ. ಆದುದರಿಂದ 317 ಇಲ್ಲಿ ಕೆಲಸಕ್ಕೆ ಬಾರದು. 1.2 ವೋಲ್ಟಿಗಂತೂ ಅದು ಒಗ್ಗುವುದೇ ಇಲ್ಲ, ಏಕೆಂದರೆ ಅದರ ಅಳತೆಯ ಕಲ್ಲೇ 1.25ರದು. ಎಲ್.ಎಂ. 1117 ಎಂಬುದಕ್ಕೆ 0.8 ಆಂಪಿಯರಿನಲ್ಲಿ ಸುಮಾರು 1.2 ವೋಲ್ಟಿನ ಅಂತರ ಸಾಕು. ಹಾಗೆಂದು ನಿಶ್ಚಿಂತರಾಗುವಂತಿಲ್ಲ. ಚಾರ್ಜರಿನ ತಂತಿ ತೆಳುವಾಗಿದ್ದರೆ 5 ಎಂಬುದು ಬೋರ್ಡಿಗೆ ಬರುವಷ್ಟರಲ್ಲಿ 4.6 ಆಗಿರುತ್ತದೆ. ಆಗ ಉಳಿಯುವುದು 1.3 ವೋಲ್ಟು, ಕೂದಲೆಳೆಯ ಅಂತರ.

ಈಗ ಜಮಾಖರ್ಚಿನ ಮಾತು. ಇದು ನಮ್ಮ ಕಸುಬಿಗೆ ಹತ್ತಿರವಾದುದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇವೆ. ಲೀನಿಯರ್ ರೆಗ್ಯುಲೇಟರು ಹೆಚ್ಚಾದ ವೋಲ್ಟೇಜನ್ನು ಎಲ್ಲಿಗೂ ಕಳುಹಿಸುವುದಿಲ್ಲ, ಸುಟ್ಟುಹಾಕುತ್ತದೆ. ಒಳವೋಲ್ಟೇಜಿನಿಂದ ಹೊರವೋಲ್ಟೇಜನ್ನು ಕಳೆದು ಆಂಪಿಯರಿನಿಂದ ಗುಣಿಸಿದರೆ ಬರುವಷ್ಟು ವ್ಯಾಟು ಬರಿಯ ಬಿಸಿ. 1.2 ವೋಲ್ಟಿಗೆ ಅರ್ಧ ಆಂಪಿಯರು ಬೇಕೆನ್ನಿ. 5ರಿಂದ ನೇರವಾಗಿ ಇಳಿಸಿದರೆ 3.8 ಗುಣಿಸು 0.5, ಅಂದರೆ 1.9 ವ್ಯಾಟು ಬಿಸಿ. ಚಿಪ್ಪಿಗೆ ಸಂದದ್ದು 0.6 ವ್ಯಾಟು. ಒಂದು ರೂಪಾಯಿಯಲ್ಲಿ 24 ಪೈಸೆ ಕೆಲಸಕ್ಕೆ, 76 ಪೈಸೆ ಒಲೆಗೆ! ಯಾವ ಆಡಿಟರು ಇದಕ್ಕೆ ರುಜು ಹಾಕಿಯಾನು?

ಬಿಸಿಯಾದರೇನು ಎನ್ನಬಹುದು. ಹೆಬ್ಬೆರಳಿನ ಉಗುರಿನಷ್ಟಿರುವ ಈ ರೆಗ್ಯುಲೇಟರು, ಕೆಳಗೆ ತಕ್ಕಮಟ್ಟಿಗೆ ತಾಮ್ರ ಬಿಟ್ಟಿದ್ದರೆ, ಪ್ರತಿ ವ್ಯಾಟಿಗೆ ಸುಮಾರು 60 ಡಿಗ್ರಿ ಬಿಸಿಯೇರುತ್ತದೆ ಎಂದು ಲೆಕ್ಕ ಹಿಡಿಯಬಹುದು. 1.9 ವ್ಯಾಟಿಗೆ 114 ಡಿಗ್ರಿ. ಮೇ ತಿಂಗಳಲ್ಲಿ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ 40 ಡಿಗ್ರಿ ಎಂದರೆ ಒಟ್ಟು 154. ಸಾಮಾನ್ಯವಾಗಿ ಈ ಚಿಪ್ಪುಗಳ ಮೇರೆ 125. ಅದನ್ನು ಮೀರಿ ಕಾದರೆ ಒಳಗಿರುವ ರಕ್ಷಣೆ ತಾನಾಗಿ ಮುಚ್ಚಿಕೊಳ್ಳುವುದು, ತಣ್ಣಗಾದ ಮೇಲೆ ಮತ್ತೆ ತೆರೆಯುವುದು. ಬೋರ್ಡು ಹತ್ತು ನಿಮಿಷ ನಡೆದು ನಿಂತು, ಮತ್ತೆ ನಡೆದು ಮತ್ತೆ ನಿಂತರೆ, ದೆವ್ವ ಹಿಡಿದಿದೆಯೆಂದು ತಿಳಿಯದೆ ಬೆರಳಿನಿಂದ ರೆಗ್ಯುಲೇಟರನ್ನು ಮುಟ್ಟಿ ನೋಡಬೇಕು. ಮುಟ್ಟುವಾಗ ಜೋಕೆ.

ಹಾಗಾದರೆ ಎರಡು ಮೆಟ್ಟಿಲು ಮಾಡೋಣ, 5ರಿಂದ 3.3ಕ್ಕೆ ಒಂದು, 3.3ರಿಂದ 1.2ಕ್ಕೆ ಇನ್ನೊಂದು ಎಂದು ಬುದ್ಧಿವಂತರು ಸೂಚಿಸುವುದುಂಟು. ಎರಡನೆಯದರ ಬಿಸಿ 2.1 ಗುಣಿಸು 0.5, ಅಂದರೆ 1.05 ವ್ಯಾಟು, 63 ಡಿಗ್ರಿ ಏರಿಕೆ, ಸಹಿಸಬಹುದು. ಆದರೆ ಆ ಅರ್ಧ ಆಂಪಿಯರು ಮೊದಲ ಮೆಟ್ಟಿಲಿನ ಮೂಲಕವೇ ಬರಬೇಕಲ್ಲವೆ? ಅಲ್ಲಿ 1.7 ಗುಣಿಸು 0.5, ಅಂದರೆ 0.85 ವ್ಯಾಟು. ಎರಡನ್ನೂ ಕೂಡಿಸಿ ನೋಡಿ: 1.90. ಒಂದು ಪೈಸೆಯೂ ಉಳಿಯಲಿಲ್ಲ. ಒಂದು ಖಾತೆಯಿಂದ ಇನ್ನೊಂದು ಖಾತೆಗೆ ವರ್ಗಾವಣೆಯಾಯಿತು, ಅಷ್ಟೆ. ಮೊದಲ ಮೆಟ್ಟಿಲಿಗೆ ಅದರ ಸ್ವಂತದ ಅರ್ಧ ಆಂಪಿಯರನ್ನೂ ಸೇರಿಸಿದರೆ ಅಲ್ಲಿ 1.7 ವ್ಯಾಟಾಗಿ, 102 ಡಿಗ್ರಿ ಏರಿಕೆಯೂ 40 ಡಿಗ್ರಿ ಹವೆಯೂ ಸೇರಿ 142, ಅದು ಬೇಯುತ್ತದೆ. ಬಿಸಿಯನ್ನು ಹಂಚುವುದರಿಂದ ಪ್ರಯೋಜನವಿಲ್ಲವೆಂದಲ್ಲ, ಒಂದೇ ಕಡೆ ಸುಡುವುದಕ್ಕಿಂತ ಎರಡು ಕಡೆ ಬೆಚ್ಚಗಿರುವುದು ಮೇಲು. ಆದರೆ ಒಟ್ಟು ಮೊತ್ತದಲ್ಲಿ ರಿಯಾಯಿತಿ ದೊರೆಯದು.

ರಿಯಾಯಿತಿ ಬೇಕಾದರೆ ಸ್ವಿಚಿಂಗ್ ರೆಗ್ಯುಲೇಟರಿಗೆ ಶರಣಾಗಬೇಕು. ಅದು ತೂಬನ್ನು ಅರೆಬರೆ ತೆರೆದಿಡುವುದಿಲ್ಲ. ಪೂರ್ತಿ ತೆರೆದು, ಪೂರ್ತಿ ಮುಚ್ಚಿ, ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹೀಗೆ ಮಾಡಿ, ಸುರುಳಿ ಕೆಪಾಸಿಟರುಗಳಿಂದ ಆ ಬಡಿತವನ್ನು ನಯಮಾಡುತ್ತದೆ. ನಷ್ಟ ರೂಪಾಯಿಗೆ 10–15 ಪೈಸೆ ಮಾತ್ರ. ಹಾಗಾದರೆ ಎಲ್ಲಕ್ಕೂ ಅದನ್ನೇ ಏಕೆ ಹಾಕಬಾರದು? ಇಲ್ಲಿಯೇ ನಮ್ಮ ರೇಡಿಯೋವಿನ ತೊಡಕು. ಮಧ್ಯಮ ತರಂಗದ ಬ್ಯಾಂಡು ಸುಮಾರು 530ರಿಂದ 1600 ಕಿಲೋಹರ್ಟ್ಸಿನವರೆಗೆ. ಬಹುಪಾಲು ಸ್ವಿಚಿಂಗ್ ರೆಗ್ಯುಲೇಟರುಗಳು ಬಡಿಯುವುದೂ ಹೆಚ್ಚುಕಡಿಮೆ ಅದೇ ಸಂಖ್ಯೆಯಲ್ಲಿ. ದೂರದ ನಿಲಯದಿಂದ ಬರುವ ಕ್ಷೀಣವಾದ ದನಿಯ ಮೇಲೆ ನಮ್ಮದೇ ಬೋರ್ಡಿನ ಸಿಳ್ಳು ಬಂದು ಕೂರುತ್ತದೆ. ಸುಪ್ರಭಾತ ಕೇಳಲು ಕೂತವರ ಕಿವಿಯ ಪಕ್ಕದಲ್ಲೇ ಹಿಟ್ಟಿನ ಗಿರಣಿ ನಡೆದಂತೆ! ಕಾರಿನ ರೇಡಿಯೋ ಮಾಡುವವರು ಇದೇ ಕಾರಣಕ್ಕಾಗಿ ಸುಮಾರು 2.2 ಮೆಗಾಹರ್ಟ್ಸಿನಲ್ಲಿ ಬಡಿಯುವ ರೆಗ್ಯುಲೇಟರುಗಳನ್ನು ಆರಿಸಿಕೊಳ್ಳುತ್ತಾರೆ. ಆ ಸಂಖ್ಯೆ ಮಧ್ಯಮ ತರಂಗಕ್ಕೆ ಮೇಲಿನದು. ನಾವೂ ಅದನ್ನೇ ಅನುಸರಿಸಿದೆವು. ಕಿರುತರಂಗದಲ್ಲಿ ಮಾತ್ರ ಅದರ ಎರಡರಷ್ಟು, ಮೂರರಷ್ಟಿನ ಮರಿಗಳು ಬಂದು ಬೀಳುವುದರಿಂದ ಮೇಲೆ ತಗಡಿನ ಮುಚ್ಚಳ ಬೇಕಾಯಿತು.

ಒಟ್ಟಿನಲ್ಲಿ ನಾವು ನಿಲ್ಲಿಸಿದ ಏರ್ಪಾಡು ಹೀಗಿದೆ. 5ರಿಂದ 1.8ಕ್ಕೆ ಸ್ವಿಚಿಂಗ್; ಆಮೇಲೆ 1.8ರಿಂದ 1.2ಕ್ಕೆ ಕಡಿಮೆ ಅಂತರದಲ್ಲಿ ನಡೆಯುವ ಲೀನಿಯರು. ಅದರಲ್ಲಿ ಬಿಸಿ 0.3 ವ್ಯಾಟು, ಏರಿಕೆ 18 ಡಿಗ್ರಿ. ಕೈಯಿಟ್ಟರೆ ಬೆಚ್ಚಗಿದೆ ಎನ್ನಬಹುದು. ಎ.ಡಿ.ಸಿ.ಗೂ ಗಡಿಯಾರದ ಚಿಪ್ಪಿಗೂ ಬೇಕಾದ 3.3 ವೋಲ್ಟನ್ನು ಮಾತ್ರ 5ರಿಂದ ನೇರವಾಗಿ ಲೀನಿಯರಿನಿಂದಲೇ ತೆಗೆದೆವು. ಅಲ್ಲಿ ನಷ್ಟ ಕಟ್ಟಿಕೊಂಡದ್ದು ಮೌನಕ್ಕಾಗಿ.

ಆದರೆ ಲೀನಿಯರ್ ರೆಗ್ಯುಲೇಟರು ಹಾಕಿದಮಾತ್ರಕ್ಕೆ ಗದ್ದಲ ಅಳಿಯಿತೆಂದು ನಂಬುವವರು ಬಹಳ ಮಂದಿ. ಅದು ಅರ್ಧ ಸತ್ಯ. ಒಳಗೆ ಬರುವ ಏರಿಳಿತವನ್ನು ಎಷ್ಟು ಪಾಲು ತಡೆಯುತ್ತದೆ ಎಂಬುದನ್ನು ಡೆಸಿಬೆಲ್ಲಿನಲ್ಲಿ ಹೇಳುವರು. 60 ಎಂದರೆ ಸಾವಿರದಲ್ಲಿ ಒಂದು ಪಾಲು ಮಾತ್ರ ನುಸುಳುವುದು, 20 ಎಂದರೆ ಹತ್ತರಲ್ಲಿ ಒಂದು ಪಾಲು. ನಿಧಾನವಾದ ಏರಿಳಿತಕ್ಕೆ ಸಾಮಾನ್ಯ ರೆಗ್ಯುಲೇಟರು ಸಹ 60–70 ತೋರಿಸುವುದುಂಟು. ಏರಿಳಿತ ಸೆಕೆಂಡಿಗೆ ಹತ್ತು ಲಕ್ಷ ಸಲವಾದರೆ ನೀರುಗಂಟಿಯ ಕೈ ಅಷ್ಟು ಬೇಗ ಆಡದು. 60 ಇದ್ದದ್ದು 20–30ಕ್ಕೆ ಇಳಿಯುತ್ತದೆ. ಮಾಹಿತಿಪತ್ರಿಕೆಯ ಮೊದಲ ಪುಟದ ದೊಡ್ಡ ಅಕ್ಷರದ ಸಂಖ್ಯೆಯನ್ನು ಓದಿ ಕೊಳ್ಳಬಾರದು. ಒಳಗಿನ ಪುಟದ ವಕ್ರರೇಖೆಯನ್ನು ನೋಡಿ ಕೊಳ್ಳಬೇಕು. ಸಾಲದ ಕರಾರಿನಲ್ಲಿ ಸಣ್ಣ ಅಕ್ಷರವನ್ನು ಓದಿ ಎಂದು ಗಿರಾಕಿಗಳಿಗೆ ನಾವು ದಿನವೂ ಹೇಳುವ ಮಾತಿಗೂ ಇದಕ್ಕೂ ಭೇದವಿಲ್ಲ. ಎಲ್.ಟಿ. 3045 ಎಂಬಂಥ ಹೊಸ ತಳಿಯವು ಹತ್ತು ಲಕ್ಷ ಸಲದಲ್ಲಿಯೂ 76 ಡೆಸಿಬೆಲ್ ತಡೆಯುತ್ತವೆ. ಅವುಗಳ ಸ್ವಂತ ಗದ್ದಲವೂ ಒಂದು ಮೈಕ್ರೋವೋಲ್ಟಿಗಿಂತ ಕಡಿಮೆ. ನಮ್ಮ 317ರದು 3.3 ವೋಲ್ಟಿನಲ್ಲಿ ನೂರು ಮೈಕ್ರೋವೋಲ್ಟಿನಷ್ಟು. ಬೆಲೆಯೂ ಅದಕ್ಕೆ ತಕ್ಕಂತೆ ಇರುವುದರಿಂದ ಇಡೀ ಬೋರ್ಡಿಗೆ ಅದನ್ನು ಹಾಕುವುದು ದುಂದು, ಎ.ಡಿ.ಸಿ.ಗೆ ಒಂದು ಹಾಕಿದರೆ ಸಾರ್ಥಕ.

ಇನ್ನು ಕೆಪಾಸಿಟರುಗಳು. ಶ್ರೋತೃಗಳಲ್ಲಿ ಬ್ಯಾಂಕಿನವರು ಬಹಳ ಮಂದಿ ಇರುವುದರಿಂದ ಇದು ಥಟ್ಟನೆ ಅರ್ಥವಾದೀತು. ಕೌಂಟರಿನಲ್ಲಿ ಒಬ್ಬ ಗಿರಾಕಿ 500 ರೂಪಾಯಿ ಕೇಳಿದರೆ ಕ್ಯಾಷಿಯರು ಎದ್ದು ಸ್ಟ್ರಾಂಗ್ ರೂಮಿಗೆ ಹೋಗುತ್ತಾರೆಯೆ? ಇಲ್ಲ, ಗಲ್ಲಾಪೆಟ್ಟಿಗೆಯಿಂದ ಕೊಡುತ್ತಾರೆ. ಗಲ್ಲಾ ಬರಿದಾಗುತ್ತ ಬಂದರೆ ಸ್ಟ್ರಾಂಗ್ ರೂಮಿನಿಂದ ತುಂಬಿಸುವರು. ಅಲ್ಲಿಯೂ ಕಡಿಮೆಯಾದರೆ ಕರೆನ್ಸಿ ಚೆಸ್ಟಿನಿಂದ ಗಾಡಿ ಬರಬೇಕು. ಬೋರ್ಡಿನಲ್ಲಿ ಚಿಪ್ಪಿನ ಕಾಲಿಗೆ ಅಂಟಿಕೊಂಡಿರುವ 0.1 ಮೈಕ್ರೋಫ್ಯಾರಡಿನ ಸಣ್ಣ ಕೆಪಾಸಿಟರೇ ಗಲ್ಲಾ. ಸ್ವಲ್ಪ ದೂರದ ದೊಡ್ಡ ಕೆಪಾಸಿಟರು ಸ್ಟ್ರಾಂಗ್ ರೂಮು. ರೆಗ್ಯುಲೇಟರು ಕರೆನ್ಸಿ ಚೆಸ್ಟು. ಗಾಡಿ ಎಷ್ಟೇ ವೇಗವಾಗಿ ಬಂದರೂ ಗಿರಾಕಿಯ ಮುಂದೆ ಆ ಕ್ಷಣಕ್ಕೆ ಇರಬೇಕಾದುದು ಗಲ್ಲಾ.

ಲೆಕ್ಕ ಹಾಕೋಣ. ಚಿಪ್ಪು ಒಮ್ಮೆಗೇ ಅರ್ಧ ಆಂಪಿಯರು ಹೆಚ್ಚು ಕೇಳಿತು. ರೆಗ್ಯುಲೇಟರು ಎಚ್ಚೆತ್ತುಕೊಳ್ಳಲು 2 ಮೈಕ್ರೋಸೆಕೆಂಡು ಬೇಕು. ಅಷ್ಟರೊಳಗೆ 30 ಮಿಲಿವೋಲ್ಟಿಗಿಂತ ಹೆಚ್ಚು ಕುಸಿಯಬಾರದು. ಆಂಪಿಯರನ್ನು ಕಾಲದಿಂದ ಗುಣಿಸಿ ಕುಸಿತದಿಂದ ಭಾಗಿಸಿದರೆ 33 ಮೈಕ್ರೋಫ್ಯಾರಡು. ಇದು ಸ್ಟ್ರಾಂಗ್ ರೂಮಿನಲ್ಲಿ ಇರಲೇಬೇಕಾದ ರೊಕ್ಕ. ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುವುದಾದರೆ, 60 ಮಿಲಿವೋಲ್ಟನ್ನು ಅರ್ಧ ಆಂಪಿಯರಿನಿಂದ ಭಾಗಿಸಿದಾಗ ಬರುವ 0.12 ಓಮಿಗಿಂತ ಹೆಚ್ಚಿನ ಅಡ್ಡಿಯು, ನಿಧಾನದ ಬೇಡಿಕೆಗಾಗಲಿ ವೇಗದ ಬೇಡಿಕೆಗಾಗಲಿ, ಚಿಪ್ಪಿನ ಬಾಗಿಲಲ್ಲಿ ಎದುರಾಗಬಾರದು.

ಕೆಪಾಸಿಟರಿನ ಮೇಲೆ ಬರೆದ ಸಂಖ್ಯೆಯನ್ನು ನಂಬಿ ಕೆಟ್ಟವರು ಉಂಟು. ಸೆರಾಮಿಕ್ ಕೆಪಾಸಿಟರುಗಳ ಮುಖಬೆಲೆ ಒಂದು, ಚಲಾವಣೆಯ ಬೆಲೆ ಇನ್ನೊಂದು. 6.3 ವೋಲ್ಟು ಎಂದು ಬರೆದ ಸಾಸಿವೆ ಗಾತ್ರದ 10 ಮೈಕ್ರೋಫ್ಯಾರಡಿನ ಮೇಲೆ 5 ವೋಲ್ಟು ಹೇರಿದರೆ ಅರ್ಧಕ್ಕಿಂತ ಹೆಚ್ಚು ಬೆಲೆ ಕರಗಿಹೋಗಬಹುದು. ಗಾತ್ರದಲ್ಲಿ ದೊಡ್ಡದನ್ನು, ಹೆಚ್ಚಿನ ವೋಲ್ಟೇಜಿನದನ್ನು ತೆಗೆದುಕೊಳ್ಳುವುದೇ ಇದಕ್ಕೆ ಮದ್ದು. ಇದಕ್ಕಿಂತ ವಿಚಿತ್ರವಾದುದು ಇನ್ನೊಂದಿದೆ. ತೀರ ಒಳ್ಳೆಯ ಕೆಪಾಸಿಟರು ಕೆಲವು ರೆಗ್ಯುಲೇಟರುಗಳಿಗೆ ಆಗಿಬರುವುದಿಲ್ಲ! ಎಲ್.ಎಂ. 1117ರ ಮಾಹಿತಿಪತ್ರಿಕೆಯಲ್ಲಿ ಹೊರಗಿನ ಕೆಪಾಸಿಟರಿಗೆ 0.3 ಓಮಿನಿಂದ 22 ಓಮಿನವರೆಗೆ ಒಳರೋಧ ಇರಬೇಕೆಂದು ಬರೆದಿದೆ. ಟಾಂಟಲಮ್ಮಿನಲ್ಲಿ ಅಷ್ಟು ತಾನಾಗಿಯೇ ಇರುತ್ತದೆ. ಸೆರಾಮಿಕ್ಕಿನಲ್ಲಿ ಕೆಲವೇ ಮಿಲಿ ಓಮ್. ಅದನ್ನಿಟ್ಟರೆ ನೀರುಗಂಟಿ ತಬ್ಬಿಬ್ಬಾಗಿ, ತೂಬನ್ನು ಹೆಚ್ಚು ಎತ್ತಿ, ಹೆಚ್ಚು ಇಳಿಸಿ, ಮತ್ತೆ ಎತ್ತಿ, ಕಾಲುವೆಯಲ್ಲೆಲ್ಲ ಅಲೆ ಏಳಿಸುತ್ತಾನೆ. ಪೇಟೆಯಲ್ಲಿ ಸಿದ್ಧವಾಗಿ ಸಿಗುವ ಒಂದು ಬಗೆಯ ಅಗ್ಗದ ಬೋರ್ಡಿನಲ್ಲಿ ಟಾಂಟಲಮ್ಮಿನ ಜಾಗಕ್ಕೆ ಸೆರಾಮಿಕ್ ಕೂರಿಸಿ ಮಾರುತ್ತಿದ್ದುದನ್ನು ನಾವು ಕಂಡೆವು. ಒಂದು ಓಮಿನ ರೆಸಿಸ್ಟರನ್ನು ಅದಕ್ಕೆ ಸಾಲಾಗಿ ಸೇರಿಸಿದೊಡನೆ ಶಾಂತವಾಯಿತು. ಹೊಸ ತಳಿಯ ರೆಗ್ಯುಲೇಟರುಗಳನ್ನು ಸೆರಾಮಿಕ್ಕಿಗೆಂದೇ ರಚಿಸಿರುವುದರಿಂದ ಅವಕ್ಕೆ ಈ ತಕರಾರು ಇಲ್ಲ.

ಇಷ್ಟಾದ ಮೇಲೆ ದಾರಿಯ ವಿಚಾರ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 92 ಮೈಲಿ ತಂತಿ ಎಳೆದು ವಿದ್ಯುತ್ತು ಒಯ್ದರಲ್ಲ, ಅವರು ವೋಲ್ಟೇಜನ್ನು ಸಾವಿರಾರು ವೋಲ್ಟಿಗೆ ಏರಿಸಿ ಕಳುಹಿಸಿದ್ದು ತಂತಿಯಲ್ಲಿ ಆಗುವ ನಷ್ಟಕ್ಕೆ ಹೆದರಿ. ವೋಲ್ಟೇಜು ಕಡಿಮೆಯಾದಷ್ಟೂ ಅಷ್ಟೇ ಶಕ್ತಿಗೆ ಆಂಪಿಯರು ಹೆಚ್ಚು, ದಾರಿಯ ನಷ್ಟವೂ ಹೆಚ್ಚು. 1.2 ವೋಲ್ಟಿನ ಲೋಕದಲ್ಲಿ ಹತ್ತು ಸೆಂಟಿಮೀಟರೇ 92 ಮೈಲಿ. ಸಾಮಾನ್ಯ ಬೋರ್ಡಿನ ತಾಮ್ರದ ದಪ್ಪ 35 ಮೈಕ್ರಾನು. ಒಂದು ಮಿಲಿಮೀಟರು ಅಗಲ, ಹತ್ತು ಸೆಂಟಿಮೀಟರು ಉದ್ದದ ದಾರಿಗೆ ರೋಧ ಸುಮಾರು 50 ಮಿಲಿ ಓಮ್. ಅರ್ಧ ಆಂಪಿಯರಿಗೆ 25 ಮಿಲಿವೋಲ್ಟು ಅಲ್ಲಿಯೇ ಹೋಯಿತು. ಇದಾದರೂ ಸ್ಥಿರವಾದ ನಷ್ಟ. ದಾರಿಗೆ ಜಡತ್ವವೂ ಉಂಟು, ಅದಕ್ಕೆ ಇಂಡಕ್ಟೆನ್ಸ್ ಎನ್ನುವರು. ಒಂಟಿಯಾಗಿ ಓಡುವ ಒಂದು ಸೆಂಟಿಮೀಟರು ತೆಳು ದಾರಿಗೆ ಸುಮಾರು 8 ನ್ಯಾನೋಹೆನ್ರಿ. ಅದರಲ್ಲಿ ಒಂದು ನ್ಯಾನೋಸೆಕೆಂಡಿನೊಳಗೆ 0.1 ಆಂಪಿಯರು ಏರಬೇಕಾದರೆ 0.8 ವೋಲ್ಟು ಅಡ್ಡ ನಿಲ್ಲುತ್ತದೆ. ಇರುವುದೇ 1.2! ಗಲ್ಲಾಪೆಟ್ಟಿಗೆ ಕೌಂಟರಿಗೆ ತಾಗಿಯೇ ಇರಬೇಕೆಂಬುದು ಇದಕ್ಕಾಗಿ. ಬೋರ್ಡಿನ ಒಂದು ಪದರವನ್ನೆಲ್ಲ ಭೂಮಿಗೆಂದು ಇಡಿಯಾಗಿ ಬಿಟ್ಟುಬಿಡುವುದೂ ಇದಕ್ಕಾಗಿಯೇ. ಹೋಗುವ ದಾರಿಯ ಕೆಳಗೇ ಬರುವ ದಾರಿ ಇದ್ದರೆ ಜಡತ್ವ ಬಹುಮಟ್ಟಿಗೆ ಇಳಿಯುವುದು.

ಈ ಲೆಕ್ಕಗಳೆಲ್ಲ ಯಾರಿಗೆ ಬೇಕು ಎಂದು ತಾಯಂದಿರು ಮನಸ್ಸಿನಲ್ಲಿ ಅಂದುಕೊಳ್ಳುತ್ತಿರಬಹುದು. ನಮ್ಮ ಸಂಘದ ಒಂದು ಮನೆಯ ಹುಡುಗ, ಕೊನೆಯ ವರ್ಷದಲ್ಲಿದ್ದವನು, ಒಂದು ಭಾನುವಾರ ತನ್ನ ಬೋರ್ಡನ್ನು ವೃತ್ತಪತ್ರಿಕೆಯಲ್ಲಿ ಸುತ್ತಿಕೊಂಡು ಬಂದ. ಸಣ್ಣ ಕೆಲಸ ಕೊಟ್ಟರೆ ಅದು ನಡೆಯುತ್ತಿತ್ತು; ಎಲ್ಲ ಸಂಕೇತಗಳೂ ಒಟ್ಟಿಗೆ ಬದಲಾಗುವ ಕೆಲಸ ಕೊಟ್ಟರೆ ನಿಂತುಬಿಡುತ್ತಿತ್ತು. ಕಾಲೇಜಿನಲ್ಲಿ ಪ್ರೋಗ್ರಾಮು ತಪ್ಪು ಎಂದಿದ್ದರು. ಅವನು ಆರು ವಾರ ಅದನ್ನೇ ತಿದ್ದಿ ತಿದ್ದಿ ಬರೆದಿದ್ದ. ವೋಲ್ಟೇಜು ನೋಡಿದೆಯಾ ಎಂದರೆ, "ನೋಡಿದೆ ಅಣ್ಣಾ, ಮೀಟರಿನಲ್ಲಿ ಸರಿಯಾಗಿ 1.20 ಇದೆ" ಎಂದ. ಆಮೇಲೆ ತಲೆ ತಗ್ಗಿಸಿಕೊಂಡು, "ನನಗೆ ಈ ವಿದ್ಯೆ ಹತ್ತುವುದಿಲ್ಲ ಅಣ್ಣಾ. ನಾನೂ ನಿಮ್ಮ ಹಾಗೆ ಬ್ಯಾಂಕಿನ ಪರೀಕ್ಷೆಗೆ ಕೂರುತ್ತೇನೆ" ಎಂದ. ಬ್ಯಾಂಕಿನ ಕೆಲಸವನ್ನು ಕೀಳೆಂದು ನಾವು ಎಣಿಸುವವರಲ್ಲ, ಅದು ನಮ್ಮ ಅನ್ನ. ಆದರೆ ಇನ್ನೊಂದು ವಿದ್ಯೆ ಬಾರದೆಂದು ಹೆದರಿ ಓಡಿಬರತಕ್ಕ ಜಾಗವೂ ಅದಲ್ಲ. "ಕೂರಬೇಕಾದರೆ ಕೂರುವೆಯಂತೆ, ಮೊದಲು ಇದನ್ನು ಇಲ್ಲಿ ಇಡು" ಎಂದೆವು.

ಮೀಟರು ಸುಳ್ಳು ಹೇಳಿರಲಿಲ್ಲ. ಆದರೆ ಮೀಟರು ಹೇಳುವುದು ತಿಂಗಳ ಸರಾಸರಿ ಬಾಕಿಯನ್ನು. ಯಾವ ದಿನ ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಹಿಂದಿರುಗಿತೆಂಬುದನ್ನು ಅದು ಹೇಳದು. ಅದಕ್ಕೆ ಆಸಿಲೋಸ್ಕೋಪು ಬೇಕು. ಅದರಲ್ಲಿ ನೋಡಿದಾಗ ಸಂಕೇತಗಳು ಬದಲಾಗುವ ಪ್ರತಿ ಕ್ಷಣಕ್ಕೂ 1.2 ಎಂಬುದು 1.0ರ ತನಕ ಮುಗ್ಗರಿಸುತ್ತಿತ್ತು. ಕಾರಣ ಕಣ್ಣೆದುರಿಗೇ ಇತ್ತು. ರೆಗ್ಯುಲೇಟರು ಬೋರ್ಡಿನ ಒಂದು ಮೂಲೆಯಲ್ಲಿ, ಚಿಪ್ಪು ಇನ್ನೊಂದು ಮೂಲೆಯಲ್ಲಿ, ನಡುವೆ ಹತ್ತು ಸೆಂಟಿಮೀಟರಿನ ತೆಳು ದಾರಿ. ನಾಲ್ಕು ಕೆಪಾಸಿಟರುಗಳೂ ಅಂದವಾಗಿ ಸಾಲಾಗಿ ರೆಗ್ಯುಲೇಟರಿನ ಪಕ್ಕದಲ್ಲಿ ಕುಳಿತಿದ್ದುವು, ಗಲ್ಲಾಪೆಟ್ಟಿಗೆಯನ್ನೆಲ್ಲ ಕರೆನ್ಸಿ ಚೆಸ್ಟಿನಲ್ಲಿಯೇ ಇಟ್ಟ ಹಾಗೆ. ಅಗಲವಾದ ತಾಮ್ರದ ಪಟ್ಟಿಯೊಂದನ್ನು ಹಾಸಿ, ಚಿಪ್ಪಿನ ಕಾಲುಗಳಿಗೇ ನೇರವಾಗಿ ಕೆಪಾಸಿಟರುಗಳನ್ನು ಬೆಸೆದೆವು. ಪ್ರೋಗ್ರಾಮಿನ ಒಂದಕ್ಷರವನ್ನೂ ಮುಟ್ಟಲಿಲ್ಲ. ರಾತ್ರಿ ಒಂಬತ್ತರ ತನಕ ಬೋರ್ಡು ಒಂದೇ ಸಮನೆ ನಡೆಯಿತು. ಹುಡುಗ ಅದರ ಮುಂದೆ ಸುಮ್ಮನೆ ಕುಳಿತಿದ್ದ. ಅವನ ತಾಯಿ ಎರಡು ಸಲ ಫೋನು ಮಾಡಿ ಊಟಕ್ಕೆ ಕರೆಯಬೇಕಾಯಿತು. ಅಂಕ ಎಷ್ಟು ಬಂದುವೆಂದು ನಾವು ವಿಚಾರಿಸಲಿಲ್ಲ. ಬ್ಯಾಂಕಿನ ಅರ್ಜಿಯನ್ನಂತೂ ಅವನು ತುಂಬಲಿಲ್ಲ.

ಅಳೆಯುವವರಿಗೆ ಒಂದು ಎಚ್ಚರಿಕೆ. ಆಸಿಲೋಸ್ಕೋಪಿನ ಕಡ್ಡಿಗೆ ಜೊತೆಯಾಗಿ ಮೊಸಳೆ ಬಾಯಿಯ ಒಂದು ಉದ್ದನೆಯ ತಂತಿ ಬರುತ್ತದೆ. ಅದನ್ನು ಬಳಸಿದರೆ ಆ ತಂತಿಯೇ ಆಂಟೆನಾ ಆಗಿ ಇಲ್ಲದ ಗದ್ದಲವನ್ನು ತೋರಿಸುತ್ತದೆ. ಅದನ್ನು ಕಳಚಿ, ಕಡ್ಡಿಯ ತುದಿಗೆ ಚಿಕ್ಕ ಸ್ಪ್ರಿಂಗು ಸಿಕ್ಕಿಸಿ, ಕೆಪಾಸಿಟರಿನ ಎರಡು ತುದಿಗಳ ಮೇಲೆಯೇ ಅಳೆಯಬೇಕು. ಇಲ್ಲವಾದರೆ ಇಲ್ಲದ ರೋಗಕ್ಕೆ ಔಷಧ ಮಾಡುವುದಾಗುತ್ತದೆ.

ಸಾಮಾನುಗಳು ಎಲ್ಲಿ ಸಿಗುತ್ತವೆ ಎಂದು ಕೇಳುವವರಿಗೆ: ಮುಂಬಯಿಯವರಿಗೆ ಲ್ಯಾಮಿಂಗ್ಟನ್ ರಸ್ತೆ ಇದೆ, ಚೆನ್ನೈಯವರಿಗೆ ರಿಚ್ಚಿ ಸ್ಟ್ರೀಟು, ದೆಹಲಿಯವರಿಗೆ ಲಜಪತರಾಯ್ ಮಾರುಕಟ್ಟೆ, ರಜೆಗೆ ಊರಿಗೆ ಹೋದವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆ. ರೆಸಿಸ್ಟರು, ತಂತಿ, ಬೆಸುಗೆ ಇವನ್ನು ಅಲ್ಲಿ ಧಾರಾಳವಾಗಿ ಕೊಳ್ಳಬಹುದು. ರೆಗ್ಯುಲೇಟರನ್ನು ಮಾತ್ರ ಅಧಿಕೃತ ಮಾರಾಟಗಾರರಿಂದ ತರಿಸುವುದು ಮೇಲು. ಮೇಲಿನ ಅಕ್ಷರ ಒಂದು, ಒಳಗಿನ ಚಿಪ್ಪು ಇನ್ನೊಂದು ಆಗಿರುವ ಸರಕು ಬಿಡಿ ವ್ಯಾಪಾರದಲ್ಲಿ ಕೈಗೆ ಬರುವುದುಂಟು. ಖೋಟಾ ನೋಟು ಹಿಡಿಯಲು ನಮಗೆ ಯಂತ್ರ ಕೊಟ್ಟಿದ್ದಾರೆ, ಖೋಟಾ ಚಿಪ್ಪಿಗೆ ಅಂಥದು ಇಲ್ಲ.

ರೇಡಿಯೋ ಬೋರ್ಡಿನ ಎರಡನೆಯ ಆವೃತ್ತಿಯ ನಕ್ಷೆಯನ್ನು ಹಿಂದಿನ ಕೋಣೆಯ ಗೋಡೆಗೆ ಅಂಟಿಸಿದ್ದೇವೆ. ಭಾಗಗಳ ಹೆಸರನ್ನೂ ಲೆಕ್ಕಗಳನ್ನೂ ಕನ್ನಡದಲ್ಲಿಯೇ ಬರೆದಿದೆ. ಭಾನುವಾರ ಮೂರು ಗಂಟೆಯ ಮೇಲೆ ಯಾರು ಬೇಕಾದರೂ ಬರಬಹುದು. ಬರುವಾಗ ಬೋರ್ಡಿನ ಜೊತೆಗೆ ಅದರ ರೆಗ್ಯುಲೇಟರಿನ ಮಾಹಿತಿಪತ್ರಿಕೆಯನ್ನು, ಒಳಗಿನ ಪುಟಗಳೂ ಸೇರಿದಂತೆ, ತರಬೇಕೆಂದು ವಿಜ್ಞಾಪನೆ.